ಹತ್ತು ನಿಮಿಷದ ಷರತ್ತು

ಒಂಬತ್ತು ವರ್ಷ ನಾನು ಕೇಬಲ್ ಎಳೆದವನು.
ರೂವಿಯ ಕಟ್ಟಡಗಳ ಫಾಲ್ಸ್ ಸೀಲಿಂಗಿನೊಳಗೆ
ಮೊಣಕೈ ಊರಿ, ಬಾಯಲ್ಲಿ ಟಾರ್ಚು ಕಚ್ಚಿ
ನೀಲಿ ತಂತಿಯ ಜುಟ್ಟು ಹಿಡಿದು ಜಗ್ಗಿದವನು.
ಅದರೊಳಗೆ ಏನು ಹರಿಯುತ್ತದೆಂದು
ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ನಲ್ಲಿ ಕೂರಿಸುವವನಿಗೆ ಬಾಯಾರಿಕೆಯ ಲೆಕ್ಕ ಯಾಕೆ?

ನಲವತ್ತೊಂದಕ್ಕೆ ಮೊಣಕಾಲು ಮುಷ್ಕರ ಹೂಡಿತು.
ನಮ್ಮದು ನೀರಿನ ಕಂಪನಿ; ಸಮುದ್ರದ ಉಪ್ಪು ಕಳೆದು ಮಾರುತ್ತದೆ.
"ರಿಮೋಟ್ ಕೆಲಸ ಕಲಿ, ಕೂತು ಮಾಡುವಂಥದು" ಎಂದಳು
ಶೈಮಾ ಅಲ್ ಬಲೂಶಿ, ಇಪ್ಪತ್ತಾರರ ಇಂಜಿನಿಯರು.
ಅವಳ ಉರ್ದು ಕರಾಚಿಯ ಅಜ್ಜಿಯದು,
ನನ್ನದು ಮುಂಬೈ ಕ್ಯಾಂಟೀನಿನದು.
ಪಾಠಕ್ಕೆ ಸಾಕಾಯಿತು.

ಮೊದಲು ಸುರಂಗ.
ಅಗೆಯುವುದಿಲ್ಲ, ಬರೆಯುವುದು.
ಊರವರ ದಾರಿಯಲ್ಲೇ ನಮ್ಮ ಮಾತು ಹೋಗಬೇಕು,
ಊರವರ ಕಿವಿಗೆ ಬೀಳಕೂಡದು.
ಎರಡೂ ಬದಿಗೆ ಒಂದೇ ಗುಟ್ಟು, ಅಕ್ಷರ ತಪ್ಪದಂತೆ.
"ಇಲ್ಲಿ ಯಾರೂ ಊಹಿಸದ ಪದ ಕೊಡು" ಎಂದಳು.
ಆ ದಿನ ದವಡೆ ಬಾತಿತ್ತು. ಹಲ್ಲುನೋವು ಎಂದೆ,
ಇಂಗ್ಲಿಷ್ ಅಕ್ಷರಗಳಲ್ಲಿ, ಬಾಲಕ್ಕೆ ನಾಲ್ಕು ಅಂಕಿ.
ಹೈಮಾದ ಪಂಪ್‌ಹೌಸಿನಲ್ಲಿ ದುರ್ ಮಹಮ್ಮದ್
ಫೋನು ಕಿವಿಗಿಟ್ಟುಕೊಂಡು ಒಂದೊಂದೇ ಒತ್ತಿದ.
ಸುರಂಗ ಏಳಲಿಲ್ಲ. ಮೂರು ಗಂಟೆ ತಡಕಾಡಿದೆವು.
ಅವನೊಂದು 'ಎಲ್' ನುಂಗಿದ್ದ;
ನೋವು ಅಲ್ಲಿ ಹಾಲಿಗಾಗಿತ್ತು.

ಆಮೇಲೆ ಗಾತ್ರ.
ಇದ್ದೀಯಾ ಎಂದರೆ ಇದ್ದೇನೆ ಎನ್ನುವ ಪಂಪು
ಟ್ಯಾಂಕಿನ ಮಟ್ಟದ ಪಟ್ಟಿ ಕೇಳಿದರೆ ಮೌನ.
ಸಾವಿರದೈನೂರು ಹಿಡಿಸುವ ದಾರಿಯಲ್ಲಿ
ಗುಟ್ಟಿನ ಹೊದಿಕೆಗೇ ಒಂದಿಷ್ಟು ಹೋಗುತ್ತದಂತೆ.
ಮಾತನ್ನು ಸಾವಿರದ ನಾನೂರಕ್ಕೆ ಕತ್ತರಿಸಿದೆ, ದಾಟಿತು.
ಶಿರೂರಿಗೆ ಫೋನು ಮಾಡುವಾಗ ಇದು ನೆನಪಾಗುತ್ತದೆ.
ಊಟ ಆಯಿತಾ. ಆಯಿತು.

ಕೊನೆಯದನ್ನು ಹತ್ತು ಸಲ ಬರೆಸಿದಳು, ಶಾಲೆಯ ಹಾಗೆ:
ದೂರದ ಪೆಟ್ಟಿಗೆಗೆ ಕೈ ಹಾಕುವ ಮೊದಲು ಹೇಳು,
ಹತ್ತು ನಿಮಿಷಕ್ಕೆ ಸತ್ತು ಹುಟ್ಟು ಎಂದು.
ಕೆಲಸ ಸರಿಬಂದರೆ ಸಾವು ರದ್ದು.
ಕೆಟ್ಟರೆ ಕೈಕಟ್ಟಿ ಕೂರು. ಅದು ಸಾಯುತ್ತದೆ,
ನಿನ್ನ ತಪ್ಪು ಮರೆತು ಏಳುತ್ತದೆ.

ರಂಜಾನಿನ ಹದಿನೇಳನೇ ರಾತ್ರಿ ಮರೆತೆ.
ಯಾರನ್ನು ಒಳಬಿಡಬೇಕೆಂಬ ಪಟ್ಟಿ ತಿದ್ದುತ್ತಿದ್ದೆ.
'ಎಲ್ಲರನ್ನೂ ತಡೆ' ಮೊದಲು ಬಿತ್ತು,
ನನ್ನ ಸಾಲು ಇನ್ನೂ ಬೆರಳ ತುದಿಯಲ್ಲಿತ್ತು.
ಪರದೆ ಹೆಪ್ಪುಗಟ್ಟಿತು.
ಕೂತ ಕೊಂಬೆ ಕಡಿದವನನ್ನು ಕಂಡು ನಕ್ಕವನೇ ನಾನೂ;
ಈ ಕೊಂಬೆ ಐನೂರು ಕಿಲೋಮೀಟರು ಉದ್ದ.
ಪ್ಲಗ್ಗು ಕಿತ್ತು ಹಾಕು ಎನ್ನೋಣವೆಂದರೆ ರ‍್ಯಾಕಿಗೆ ಬೀಗ,
ಬೀಗದ ಕೈ ನನ್ನದೇ ಡ್ರಾಯರಿನಲ್ಲಿ.

ಶೈಮಾ ಬೈಯಲಿಲ್ಲ. ಪಿಕಪ್ಪಿನ ಕೀಲಿ,
ತಿಳಿನೀಲಿ ಕನ್ಸೋಲ್ ತಂತಿ, ಒಂದು ಡಬ್ಬಿ ಖರ್ಜೂರ
ಮೇಜಿನ ಮೇಲಿಟ್ಟಳು.

ನಿಜ್ವಾ ದಾಟಿ, ಆದಮ್ ದಾಟಿ,
ಮುಂದೆ ದಾಟುವುದಕ್ಕೆ ಏನೂ ಇಲ್ಲ.
ಹೆಡ್‌ಲೈಟಿನಲ್ಲಿ ಒಂಟೆಗಳ ಕಾಲು ಮಾತ್ರ,
ಮೈ ಕತ್ತಲೆಯ ಲೆಕ್ಕಕ್ಕೆ.
ನಲವತ್ತು ಮಿಲಿಸೆಕೆಂಡಿಗೆ ಹೋಗಿ ಬರುವ ದೂರ
ನನಗೆ ಆರು ಗಂಟೆ, ಎರಡು ಚಹಾ, ಒಂದು ಪಂಕ್ಚರು.

ದುರ್ ಮಹಮ್ಮದ್ ಸಹರಿಗೆ ರೊಟ್ಟಿ ಎತ್ತಿಟ್ಟಿದ್ದ.
ಪೆಟ್ಟಿಗೆ ಹಸಿರು ಕಣ್ಣು ಮಿಟುಕಿಸುತ್ತ ಕೂತಿತ್ತು,
ನೀರು ನನ್ನನ್ನು ಕೇಳದೆ ಹರಿಯುತ್ತಿತ್ತು.
ತಂತಿ ಚುಚ್ಚಿ ಎರಡು ಸಾಲು ಅದಲುಬದಲು ಮಾಡಿದೆ.
"ಇಷ್ಟಕ್ಕಾಗಿ ಬಂದೆಯಾ?" ಎಂದ.
ಎಂಟು ತಿಂಗಳು ಫೋನಿನಲ್ಲಿ ಕೇಳಿದ ದನಿಗೆ
ಬಿಳಿ ಗಡ್ಡವಿತ್ತು, ಮುಂದಿನ ಎರಡು ಹಲ್ಲು ಇರಲಿಲ್ಲ.
ಆ ಪದದ ಅರ್ಥವೇನೆಂದ. ದವಡೆ ಹಿಡಿದು ತೋರಿಸಿದೆ.
ಅವನು ಬಾಯ ಖಾಲಿ ಜಾಗ ತೋರಿಸಿ ನಕ್ಕ.

ತಿಳಿದ ಮೇಲೆ ಗುಟ್ಟಲ್ಲ. ಬೇರೆಯದು ಕೊಡು ಎಂದೆ.
ಕೈಯಳತೆಯಲ್ಲೇ ಇದ್ದರೂ ಪೆಟ್ಟಿಗೆಗೆ
ಮೊದಲು ಹತ್ತು ನಿಮಿಷದ ಷರತ್ತು ಹಾಕಿದೆ.
ಅವನು ಬಲೂಚಿಯಲ್ಲೊಂದು ಪದ ಹೇಳಿದ,
ನಾನು ಒಂದೊಂದೇ ಅಕ್ಷರ ಬಿಡಿಸಿ ಶೈಮಾಗೆ ಫೋನಿನಲ್ಲಿ ಒಪ್ಪಿಸಿದೆ.
ಅತ್ತ ಅವಳು ಒಂದು ಗಳಿಗೆ ಸುಮ್ಮನಾದಳು,
ಮತ್ತೆ ಬಿದ್ದು ಬಿದ್ದು ನಕ್ಕಳು.
ನಾನು ಅರ್ಥ ಕೇಳಲಿಲ್ಲ.
ಸುರಂಗ ಎದ್ದಿತು.